ಕಾವಲು ಮಲಗಿದ ಮೈ

ಗುಬ್ಬಿಯ ಬೆರಳಿಗೆ ದಬ್ಬಳ ಚುಚ್ಚಿದ್ದು ನನಗೆ ಗೊತ್ತಾಗಿದ್ದು ಮಾರನೆಯ ದಿನ, ಅದೂ ಅಕಸ್ಮಾತ್ ನನ್ನ ಕಣ್ಣಿಗೆ ಬಿದ್ದಿದ್ದರಿಂದ. ಅವಳಾಗಿ ಬಾಯಿ ಬಿಡುವವಳಲ್ಲ. ಗುಬ್ಬಿ ನನ್ನ ತಂಗಿ. ನಮ್ಮದು ಚಪ್ಪಲಿ, ಬೂಟು ರಿಪೇರಿಯ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಟ್ಟೆ ಕತ್ತರಿಸುವುದು, ಮೊಳೆ ಹೊಡೆಯುವುದು, ಗಿರಾಕಿಗಳ ಜೊತೆ ಜಗಳವಾಡುವುದು ನನ್ನ ಪಾಲು. ಹೊಲಿಗೆ ಅವಳದು.

ಅವಳ ಎಡಗೈ ತೋರುಬೆರಳಿನ ಬುಡದಲ್ಲಿ ಹಳದಿ ಪೊರೆಯೊಂದು ಹೊಳೆಯುತ್ತಿತ್ತು. ಅಟ್ಟೆ ಅಂಟಿಸುವ ಸಲ್ಯೂಷನ್! ನಮ್ಮ ಕಸುಬಿನವರಿಗೆ ಈ ಕೆಟ್ಟ ಚಾಳಿ ಇದೆ. ಗಿರಾಕಿಯ ಬಿಳಿ ಬೂಟಿಗೆ ರಕ್ತದ ಕಲೆ ಬಿದ್ದರೆ ಕತೆ ಮುಗಿಯಿತಲ್ಲ, ಹಾಗಾಗಿ ಕೈಗೆ ಗಾಯವಾದ ಕೂಡಲೇ ಒಂದು ತೊಟ್ಟು ಸಲ್ಯೂಷನ್ ಬಳಿದು, ಉಫ್ ಎಂದು ಊದಿ ಒಣಗಿಸಿ, ಕೆಲಸ ಮುಂದುವರಿಸುತ್ತೇವೆ. ಅಪ್ಪನೂ ಹಾಗೇ ಮಾಡುತ್ತಿದ್ದ, ನಾನೂ ಮಾಡುತ್ತೇನೆ. ಆದರೆ ನಮ್ಮ ಮೈ ಬೇರೆ, ಗುಬ್ಬಿಯ ಮೈ ಬೇರೆ.

ಗುಬ್ಬಿಯ ಎರಡೂ ಕಿಡ್ನಿಗಳು ಕೈಕೊಟ್ಟಾಗ ನನ್ನದೊಂದನ್ನು ಅವಳಿಗೆ ಹಾಕಿದ್ದರು. ಹಾಕಿದರೆ ಸಾಲದು, ದೇಹ ಅದನ್ನು ಒಪ್ಪಬೇಕು. ತಾಪತ್ರಯ ಇರುವುದೇ ಅಲ್ಲಿ. ರಕ್ತದೊಳಗಿನ ಬಿಳಿ ಕಣಗಳು ಹಗಲೂ ರಾತ್ರಿ ಕಾವಲು ತಿರುಗುತ್ತವಂತೆ. ಹೊರಗಿನಿಂದ ಬಂದದ್ದು ಏನೇ ಇರಲಿ, ಅದರ ಮೇಲೆ ಬೀಳುತ್ತವಂತೆ. ಅಕ್ಕನ ಕಿಡ್ನಿ ಎಂಬ ದಾಕ್ಷಿಣ್ಯ ಅವಕ್ಕಿಲ್ಲ. ಅದಕ್ಕೇ ಗುಬ್ಬಿ ದಿನಾ ಮಾತ್ರೆ ನುಂಗಿ ಆ ಕಾವಲನ್ನು ಮಲಗಿಸಿಡಬೇಕು. "ಒಳಗಿನ ಕಾವಲು ಮಲಗಿರುತ್ತೆ. ನಿಮಗೆ ಗಟ್ಟಿಯಾಗಿ ಉಳಿದಿರೋದು ಹೊರಗಿನ ಚರ್ಮ ಒಂದೇ, ಅದನ್ನ ಜೋಪಾನ ಮಾಡಿ" ಎಂದು ಕಿಡ್ನಿ ಆಸ್ಪತ್ರೆಯ ಡಾಕ್ಟ್ರಮ್ಮ ಆವತ್ತೇ ಹೇಳಿದ್ದರು. ಇಂಥವಳಿಗೆ ದಬ್ಬಳದ ಸಹವಾಸ ಬೇಡವೆಂದು ನಾನು ಆಗಲೇ ಬಾಯಿ ಬಡಿದುಕೊಂಡಿದ್ದೆ. "ಮೂಲೇಲಿ ಕೂತು ತುಕ್ಕು ಹಿಡೀಲಾ?" ಎಂದು ನನ್ನ ಬಾಯಿ ಮುಚ್ಚಿಸಿದ್ದಳು.

"ನಿನ್ನ ಬುದ್ಧಿ ಎಲ್ಲಿ ಅಡವಿಟ್ಟಿದ್ದೀಯೇ?" ಎಂದು ಅವಳ ಕೈ ಎಳೆದುಕೊಂಡೆ.

"ಒಂದು ಚೂರು ಚುಚ್ಚಿದೆ ಅಕ್ಕಾ. ಅದಕ್ಕೆ ಊರೆಲ್ಲ ಒಂದು ಮಾಡ್ಬೇಡ."

ಬೆಳಕಿಗೆ ಹಿಡಿದು ನೋಡಿದೆ. ಕೆಂಪಾಗಿರಲಿಲ್ಲ. ಒತ್ತಿದರೆ ಕೀವಿರಲಿಲ್ಲ. ಹಣೆ ಮುಟ್ಟಿದೆ, ತಣ್ಣಗಿತ್ತು. ಹೋದ ಜೀವ ಬಂದಂತಾಯಿತು. ಮನಸಾರೆ ಬೈದು, ಅಂಟು ಕಿತ್ತು, ಸೋಪು ಹಾಕಿ ತೊಳೆದು, ದಬ್ಬಳವನ್ನು ನನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿಯುವಾಗ ನೋಡಿದರೆ ಆ ಬೆರಳು ಅರ್ಧ ಮಡಚಿಕೊಂಡೇ ಇತ್ತು. "ನೆಟ್ಟಗೆ ಮಾಡು ನೋಡೋಣ" ಎಂದೆ. ಮಾಡಲು ಹೋದಳು, ಮುಖ ಬಿಳಿಚಿಕೊಂಡಿತು. ಗುಬ್ಬಿ ನೋವಿಗೆ ಕೂಗುವವಳಲ್ಲ. ತುಟಿ ಕಚ್ಚಿ ಹಿಡಿದಳು. ಆಗಲೂ ಕೆಂಪಿಲ್ಲ, ಜ್ವರವಿಲ್ಲ. ಬೆರಳು ಸ್ವಲ್ಪ ದಪ್ಪಗಾಗಿತ್ತು, ಅಷ್ಟೆ. ಬಾಗಿಲಲ್ಲಿ ನಿಂತಿದ್ದ ಗಿರಾಕಿಯ ಎದುರೇ ಷಟರ್ ಎಳೆದು, ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದೆ.

"ಕೆಂಪಾಗಿರ್ಲಿಲ್ಲ, ಜ್ವರಾನೂ ಇರ್ಲಿಲ್ಲ. ಅದಕ್ಕೆ ಸುಮ್ನಿದ್ವಿ" ಎಂದೆ, ಅಂಟು ಬಳಿದದ್ದನ್ನೂ ಹೇಳಿದೆ.

ಡಾಕ್ಟ್ರಮ್ಮ ಬೆರಳಿನಿಂದ ಕಣ್ಣು ತೆಗೆಯಲಿಲ್ಲ. "ಕೆಂಪು ಮಾಡೋದು, ಜ್ವರ ಬರ್ಸೋದು ಯಾರು ಅಂದ್ಕೊಂಡ್ರಿ? ಆ ಕಾವಲಿನ ಕಣಗಳೇ. ಹೊಡೆದಾಟ ಆದ್ರೆ ತಾನೇ ಗಲಾಟೆ ಕೇಳ್ಸೋದು? ಇಲ್ಲಿ ಎದುರು ನಿಲ್ಲೋರೇ ಇಲ್ಲ. ಕ್ರಿಮಿಗಳು ಸದ್ದಿಲ್ದೆ ಬೆರಳು ಮಡಚೋ ಸ್ನಾಯುವಿನ ಗುಂಟ ಅಂಗೈಗೆ ಇಳೀತಿವೆ. ನೀವು ಮೇಲಿಂದ ಅಂಟು ಬೇರೆ ಬಳಿದು ಬಾಗಿಲು ಹಾಕಿದ್ರಿ."

ನಿನ್ನೆ ಯಾವುದನ್ನು ನೋಡಿ ಸಮಾಧಾನಪಟ್ಟಿದ್ದೆನೋ ಅದಕ್ಕೇ ನಾನು ಹೆದರಬೇಕಿತ್ತು.

ಬೆರಳು ಕೊಯ್ದು ಒಳಗೆಲ್ಲ ತೊಳೆದರು. ರಕ್ತಕ್ಕೆ ಔಷಧಿ ಏರಿಸಿದರು. ಕಾವಲು ಸ್ವಲ್ಪ ಎಚ್ಚರಾಗಲಿ ಎಂದು ಅವಳ ದಿನದ ಮಾತ್ರೆಗಳಲ್ಲಿ ಕೆಲವನ್ನು ನಿಲ್ಲಿಸಿದರು.

"ಎಚ್ಚರಾದ್ರೆ ಕ್ರಿಮಿ ಮೇಲೆ ಬೀಳ್ತಾವೆ, ಸರಿ. ಕಿಡ್ನಿ ಮೇಲೆ ಬಿದ್ರೆ?" ಎಂದು ಕೇಳಿದೆ.

"ಆ ಭಯ ನನಗೂ ಇದೆ" ಎಂದರು ಡಾಕ್ಟ್ರಮ್ಮ. ಅವರು ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಅನಿಸಿತು.

ಆಮೇಲೆ ನನಗೆ ಇದ್ದದ್ದು ಒಂದೇ ಕೆಲಸ, ಮಂಚದ ಪಕ್ಕ ಕೂತು ಹೆದರುವುದು. ಹಣೆ ತಣ್ಣಗಿದ್ದರೆ ಕಾವಲು ಇನ್ನೂ ಎದ್ದಿಲ್ಲವಲ್ಲ ಎಂಬ ಹೆದರಿಕೆ. ಬೆಚ್ಚಗಾದರೆ ಎದ್ದು ಕಿಡ್ನಿಯ ಮೇಲೇ ಬಿದ್ದುಬಿಟ್ಟಿತೋ ಎಂಬ ಹೆದರಿಕೆ. "ನನ್ನ ಹಣೆ ಸವೆದು ಹೋಗುತ್ತೆ, ಕೈ ತೆಗಿಯೇ" ಎಂದು ಗುಬ್ಬಿ ಗೊಣಗಿದಳು.

ಕೊನೆಗೆ ಒಂದು ದಿನ ಅವಳ ಮೈ ಕೆಂಡವಾಯಿತು. ಬೆರಳ ಸುತ್ತ ಕೆಂಪು ಹತ್ತಿತು, ಗಾಯಕ್ಕೆ ಕಟ್ಟಿದ್ದ ಬಟ್ಟೆಯ ಕೆಳಗೆ ಕೀವು ಕಂಡಿತು. "ಒಳ್ಳೇದೇ ಆಯ್ತು, ಮೈ ಹೋರಾಡ್ತಿದೆ" ಎಂದಳು ನರ್ಸ್. ತಂಗಿಗೆ ಜ್ವರ ಬಂತೆಂದು ನಾನು ಹುಚ್ಚಿಯ ಹಾಗೆ ನಕ್ಕೆ, ಅವಳ ಕೆನ್ನೆ ಹಿಂಡಿದೆ.

ಸಂಜೆಗೆ ಮಂಚದ ಕೆಳಗಿನ ಮೂತ್ರದ ಚೀಲ ತುಂಬಲೇ ಇಲ್ಲ. ನರ್ಸ್ ಬಂದು ಬಗ್ಗಿ ನೋಡಿದಳು, ಹೋಗಿ ಇನ್ನೊಬ್ಬಳನ್ನು ಕರೆತಂದಳು. ರಕ್ತ ತೆಗೆದುಕೊಂಡು ಹೋದರು. "ಅಕ್ಕಾ, ಇಲ್ಲಿ ನೋಯ್ತಿದೆ" ಎಂದು ಗುಬ್ಬಿ ಕಿಬ್ಬೊಟ್ಟೆ ಮುಟ್ಟಿಕೊಂಡಳು. ಅವರು ನನ್ನ ಕಿಡ್ನಿ ಇಟ್ಟಿದ್ದು ಅಲ್ಲೇ.

ಡಾಕ್ಟ್ರಮ್ಮ ಬಂದು ಮಂಚದ ಅಂಚಿನಲ್ಲೇ ಕೂತರು. "ಕಾವಲು ಎರಡೂ ಕಡೆ ನುಗ್ಗಿದೆ. ಕಿಡ್ನಿ ಉಳೀಬೇಕು ಅಂದ್ರೆ ಅದನ್ನ ಈಗ್ಲೇ ಮತ್ತೆ ಮಲಗಿಸ್ಬೇಕು. ಆದ್ರೆ ಬೆರಳಲ್ಲಿ ಕ್ರಿಮಿ ಇರೋವಾಗ ಮಲಗಿಸಿದ್ರೆ ಅದು ಮೈಯೆಲ್ಲ ಹರಡುತ್ತೆ, ಜೀವಕ್ಕೇ ಅಪಾಯ. ಬೆರಳು ವಾಸಿಯಾಗ್ಲಿ ಅಂತ ಕಾದ್ರೆ ಕಿಡ್ನಿ ಹೋಗ್ಬಹುದು. ಇಲ್ಲ ಅಂದ್ರೆ..." ಎಂದು ನನ್ನ ಕಡೆ ನೋಡಿದರು. "ಇವತ್ತೇ ಬೆರಳನ್ನ ಬುಡದಿಂದ ತೆಗೀಬೇಕು. ಆಮೇಲೆ ಧೈರ್ಯವಾಗಿ ಮಾತ್ರೆ ಶುರು ಮಾಡ್ಬಹುದು."

ಬೂಟಿನೊಳಗೆ ತೂರಿಸಿ ಚರ್ಮವನ್ನು ಒತ್ತಿ ಹಿಡಿಯುವ ಬೆರಳು ಅದು. ಅದು ಹೋದರೆ ಅವಳ ಹೊಲಿಗೆ ಹೋಯಿತು. ಹೊಲಿಗೆ ಇಲ್ಲದ ಗುಬ್ಬಿಯನ್ನು ನನಗೆ ಊಹಿಸಿಕೊಳ್ಳಲೂ ಆಗಲಿಲ್ಲ. ತೆಗೆಯಿರಿ ಎಂದರೆ ನನ್ನ ಕಿಡ್ನಿಗಾಗಿ ಅವಳ ಬೆರಳು ಕೇಳಿದಂತೆ. ಬೇಡ ಎಂದರೆ ಕಿಡ್ನಿಯನ್ನೋ ಅವಳನ್ನೋ ಕೈಯಾರೆ ಕಳೆದುಕೊಂಡಂತೆ.

ಗುಬ್ಬಿ ಕೈಯನ್ನು ಮುಖದ ಹತ್ತಿರ ತಂದು, ಆ ಬೆರಳನ್ನು ತುಂಬ ಹೊತ್ತು ನೋಡಿದಳು. ಮೊದಲ ಸಲ ಅವಳ ಕಣ್ಣಲ್ಲೂ ಹೆದರಿಕೆ ಕಂಡೆ.

"ತೆಗೆದುಬಿಡಿ ಡಾಕ್ಟ್ರಮ್ಮಾ. ಬೆರಳು ನಂದು, ಕಳ್ಕೋತೀನಿ" ಎಂದಳು. "ಕಿಡ್ನಿ ನಮ್ಮಕ್ಕಂದು."