ಮುಚ್ಚಳ ತೆರೆದ ಮಧ್ಯಾಹ್ನ

ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ಸೇರುವ ಮಕ್ಕಳು ಅವಳಿಗೆ ಮುಚ್ಚಳ ಎಂದು ಹೆಸರಿಟ್ಟಿದ್ದರು. ಬರತೊಡಗಿ ಎಷ್ಟು ವಾರವಾದರೂ ಹುಡುಗಿ ತುಟಿ ಪಿಟಕ್ಕೆಂದಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕುತ್ತಿದ್ದ ಅಜ್ಜಿ, ಮೊಮ್ಮಗಳು ದಿನವೂ ನುಂಗುವ ಮಾತ್ರೆ ‘ಶಕ್ತಿ ಬರೋಕೆ’ ಎಂದೇ ಹೇಳಿದ್ದಳು. ಹುಡುಗಿಗೆ ನಿಜ ಗೊತ್ತಿತ್ತು. ಅಜ್ಜಿ ನೊಂದುಕೊಳ್ಳುತ್ತಾಳೆಂದು ಬಾಯಿ ಬಿಟ್ಟಿರಲಿಲ್ಲ, ಅಷ್ಟೇ.

ಆ ಮಧ್ಯಾಹ್ನ ಆಪ್ತಸಲಹೆಯ ಅಕ್ಕ ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿ, ಅಗಲವಾದ ನೀಲಿ ಬಟ್ಟೆಯೊಂದನ್ನು ಅವರ ಮೇಲೆ ಚಪ್ಪರದಂತೆ ಕುರ್ಚಿಗಳ ಬೆನ್ನಿಗೆ ಕಟ್ಟಿದಳು. ಫ್ಯಾನಿನ ಗಾಳಿಗೆ ಬಟ್ಟೆ ಉಬ್ಬಿ ಇಳಿಯತೊಡಗಿತು. ಬೆಳಕು ಸೋಸಿ ಬಂದು ಕೈಕಾಲೆಲ್ಲ ನೀಲಿಯಾದವು. ರಸ್ತೆಯ ಸದ್ದು ಎಲ್ಲೋ ಮೇಲೆ, ನೀರಿನಾಚೆ ಉಳಿಯಿತು.

“ನಾವೀಗ ಕಡಲ ತಳದಲ್ಲಿದ್ದೀವಿ,” ಅಕ್ಕನ ದನಿ ತೇಲಿ ಬಂತು. “ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ಹೇಳ್ಬೇಕು ಅನ್ಸಿದ್ರೆ ಹೇಳಿ, ಇಲ್ಲಾಂದ್ರೆ ಸುಮ್ನೆ ತೇಲ್ತಾ ಇರಿ.”

“ನಾನು ಒಂದ್ಸಲ ಮಾತ್ರೇನ ಮೀನಿನ ತೊಟ್ಟಿಗೆ ಹಾಕಿದ್ದೆ,” ಎಂದಿತು ಒಂದು ದನಿ. “ಮೀನು ಮೂಸಿ ನೋಡಿ ಮುಖ ತಿರುಗಿಸ್ಕೊಳ್ತು.”

ನಗು ಗುಳ್ಳೆಗುಳ್ಳೆಯಾಗಿ ಎದ್ದಿತು. ಮುಚ್ಚಳವೂ ನಕ್ಕಳು. ನಗುತ್ತ ನಗುತ್ತಲೇ ಮಾತು ತಾನಾಗಿ ಜಾರಿತು:

“ನಂಗೆ ಎಚ್‌ಐವಿ ಇದೆ.”

ಯಾರೂ ಏಳಲಿಲ್ಲ, ಓಡಲಿಲ್ಲ. ಪಕ್ಕದ ಎರಡು ಜಡೆಯ ಹುಡುಗಿ ನಿದ್ದೆಗಣ್ಣಲ್ಲೇ ಅವಳ ಬೆರಳು ಹಿಡಿದು, “ನಂಗೂ ಕಣೆ,” ಎಂದಳು. ಆ ತುದಿಯಿಂದ ಮತ್ತೊಂದು “ನಂಗೂ” ಬಂತು. ಹುಡುಗಿಯ ಮೈ ಹಗುರಾಗಿ, ಚಾಪೆಯಿಂದ ಒಂದು ಗೇಣು ಮೇಲೆದ್ದಂತಾಯಿತು.

ಆ ಹಗುರ ಇಳಿಯುವ ಮೊದಲೇ, ಮನೆಗೆ ಹೊರಟು ಬಸ್ ನಿಲ್ದಾಣದ ಬೆಂಚಿನಲ್ಲಿ ಅಜ್ಜಿಯ ಪಕ್ಕ ಕೂತಾಗ ಹೇಳಿಬಿಟ್ಟಳು. “ಅಜ್ಜಿ, ಆ ಮಾತ್ರೆ ಯಾಕೆ ಅಂತ ನಂಗೊತ್ತು.”

ಅಜ್ಜಿ ತಬ್ಬಿಬ್ಬಾದಳು. “ಯಾವಾಗಿಂದ್ಲೇ?”

“ಅಮ್ಮ ಆಸ್ಪತ್ರೇಲಿದ್ದಾಗಿಂದ. ನೀನು ಅಳ್ತೀಯ ಅಂತ ಹೇಳ್ಲಿಲ್ಲ.”

“ಅಯ್ಯೋ ನನ್ನ ಬಂಗಾರಿ, ನೀನು ಅಳ್ತೀಯ ಅಂತಾನೇ ನಾನೂ ಹೇಳ್ಲಿಲ್ಲ!” ಅಜ್ಜಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

“ನಾನೂ ಅಮ್ಮನ ಹಾಗೇ ಹೋಗ್ತೀನಾ?”

“ಯಾಕೆ ಹೋಗ್ತೀಯ? ಅವಳು ಮಾತ್ರೆ ತೀರಾ ತಡವಾಗಿ ಶುರು ಮಾಡಿದ್ಲು. ನೀನು ಮಾತ್ರೆ ತಪ್ಪಿಸ್ದೆ ತಗೊಂಡ್ರೆ, ಹಲ್ಲೆಲ್ಲ ಉದುರಿ ನನ್ನ ಥರ ಮುದುಕಿ ಆಗ್ಬಹುದು ಅಂತ ಡಾಕ್ಟ್ರೇ ಹೇಳಿದಾರೆ.”

ಬಸ್ಸು ಬಂತು, ಹೋಯಿತು. ಇಬ್ಬರೂ ಏಳಲಿಲ್ಲ. ಇಳಿಬಿಸಿಲಿನಲ್ಲಿ ಹುಡುಗಿ ಅಮ್ಮನ ಬಗ್ಗೆ ಒಂದೊಂದೇ ಕೇಳುತ್ತ ಹೋದಳು. ಅಜ್ಜಿ ಅವಳ ತಲೆ ನೇವರಿಸುತ್ತ, ಯಾವುದನ್ನೂ ಮರೆಮಾಚದೆ ಹೇಳುತ್ತ ಹೋದಳು.