ಮೊಂಡುಬಾಲನ ಮರಿಗಳು

ಸೊಸೆ ತನ್ನ ಮಗಳ ಒಂದು ಜಡೆ ಹೆಣೆದು ಇನ್ನೊಂದಕ್ಕೆ ಬಾಚಣಿಗೆ ಹಾಕಿದ್ದಳಷ್ಟೆ. ಮೀನುಮರಿ ಕೇಂದ್ರದ ಡ್ರೈವರ್ ಬಾಗಿಲಲ್ಲೇ ಕೂಗಿದ.

“ಅಕ್ಕಾ, ಮೊಂಡುಬಾಲನ ಮರಿ ಮೊಟ್ಟೆಯಿಂದ ಹೊರಗೆ ಬಂದ್ವು! ತೊಟ್ಟಿ ತುಂಬ ಮಿಣಮಿಣ ಅಂತಿವೆ!”

ನಡುಮನೆಯಲ್ಲಿ, ಆ ಕೇಂದ್ರ ನಡೆಸುತ್ತಿದ್ದ ಅತ್ತೆಯ ದೇಹವನ್ನು ಮಲಗಿಸಿದ್ದರು. ಅತ್ತು ಸುಸ್ತಾಗಿದ್ದವರೆಲ್ಲ ತಲೆ ಎತ್ತಿದರು.

“ಒಂದಿನ ಮೊದಲೇ ಬರಬಾರದಿತ್ತಾ ಅವು?” ನಾದಿನಿ ಮೂಗೊರೆಸಿಕೊಂಡಳು.

“ಮೀನಿಗೆಲ್ಲ ಗಂಡು ಹುಡುಕಿದ್ಳು ಅಮ್ಮ,” ಎಂದ ಮದುವೆಯಾಗದ ಮೈದುನ. “ನನಗೊಂದು ಹೆಣ್ಣು ನೋಡೋಕೆ ಪುರುಸೊತ್ತಾಗ್ಲಿಲ್ಲ.”

“ನೋಡಿದ್ಳಪ್ಪ. ಆ ಹುಡುಗಿ ಮೇಲೆ ಕರುಣೆ ಬಂದು ಸುಮ್ಮನಾದ್ಳು,” ಎಂದಳು ನಾದಿನಿ.

ನಗು ತಡೆಯಲಾರದೆ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದರು. ಜಡೆ ಹಾಕಿಸಿಕೊಳ್ಳುತ್ತಿದ್ದ ಹುಡುಗಿ ಮಾತ್ರ ನಗಲಿಲ್ಲ. ‘ಮುಂದಿನ ಗಾಡೀಲಿ ದೇಹದ ಜೊತೆ ಮನೆಯವರಷ್ಟೇ ಕೂರಲಿ, ಉಳಿದೋರು ಹಿಂದಿನದ್ರಲ್ಲಿ’ ಎಂದು ಯಾರೋ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ತಾಯಿಗೆ ಎರಡನೆಯ ಮದುವೆಯಾದಾಗ ಅವಳ ಕೈ ಹಿಡಿದುಕೊಂಡು ಈ ಮನೆಗೆ ಬಂದ ಮಗು ಅದು.

“ಏನು ಪುಟ್ಟಾ?”

“ಏನಿಲ್ಲ.”

ಏನೋ ಇದೆಯೆಂದು ತಾಯಿಗೆ ಗೊತ್ತಾಯಿತು. ಕೆದಕಲಿಲ್ಲ.

*

ಹೊಳೆಯಲ್ಲಿ ಹೆಚ್ಚುಕಡಿಮೆ ಅಳಿದೇ ಹೋದ ಮೀನಿನ ಜಾತಿ ಅಜ್ಜಿಯ ತೊಟ್ಟಿಯಲ್ಲಿ ಉಳಿದುಕೊಂಡಿತ್ತು. ಹೋದ ವರ್ಷ ಮೊಮ್ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ದಷ್ಟಪುಷ್ಟ ಗಂಡುಗಳನ್ನೆಲ್ಲ ಬಿಟ್ಟು, ಬಾಲ ಮೊಂಡಾದ ಸಣಕಲನೊಬ್ಬನನ್ನು ಬಲೆಯಲ್ಲಿ ಎತ್ತಿದ್ದಳು.

“ಇವನೇ ನಮ್ಮ ಅಳಿಯ.”

“ಅಯ್ಯೇ, ಇವನಾ? ಆ ದೊಡ್ಡೋನು ಚೆನ್ನಾಗಿದಾನಲ್ಲಜ್ಜಿ!”

“ಚೆನ್ನಾಗೇನೋ ಇದಾನೆ. ರೆಕ್ಕೆ ಚೂರು ಕತ್ತರಿಸಿ ಕಳಿಸಿದ್ವಲ್ಲ, ಲ್ಯಾಬಿನೋರು ಡಿಎನ್‌ಎ ನೋಡಿ ಹೇಳಿದ್ರು, ಇಲ್ಲಿರೋರೆಲ್ಲ ಅಣ್ಣ-ತಂಗೀರಂತೆ. ಅವರವರಲ್ಲೇ ಜೋಡಿ ಮಾಡಿದ್ರೆ ಮರಿ ಸೊರಗ್ತಾ ಹೋಗ್ತಾವೆ. ಇವನು ಬೇರೆ ಹಳ್ಳದೋನು.”

“ಹೊರಗಿನೋನನ್ನ ಇವು ಸೇರಿಸ್ಕೋತಾವಾ?”

“ಎರಡು ದಿನ ಮೂತಿ ತಿರುಗಿಸ್ತಾವೆ. ಆಮೇಲೆ ಊಟಕ್ಕೆ ಒಟ್ಟಿಗೇ ನುಗ್ತಾವೆ, ನೋಡ್ತಿರು,” ಎಂದು ಅಜ್ಜಿ ಒದ್ದೆ ಕೈಯಲ್ಲೇ ಅವಳ ಮೂಗು ಹಿಂಡಿದ್ದಳು.

*

ದೇಹವನ್ನು ಮುಂದಿನ ವ್ಯಾನಿಗೆ ಏರಿಸಿದರು. ಸೊಸೆಯ ಗಂಡ, ನಾದಿನಿ, ಮೈದುನ ಹತ್ತಿ ಕೂತರು. ಯಾವತ್ತೋ ಅಜ್ಜಿಗೆ ಎರವಲು ಕೊಟ್ಟ ಸೌಟನ್ನು ನೆನೆಯುತ್ತ ಪಕ್ಕದ ಮನೆಯಾಕೆಯೂ ಹತ್ತಿಬಿಟ್ಟಳು, ಯಾರೂ ಇಳಿಸಲಿಲ್ಲ.

ತಾಯಿ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದೆ ತಿರುಗಿದಳು. ಹುಡುಗಿ ಎರಡು ಗಾಡಿಗಳ ನಡುವೆ ನಿಂತಿದ್ದಳು. ಕರೆದರೆ ಬಂದು ಕೂರುತ್ತಾಳೆ, ಆದರೆ ಒಳಗಿನ ಮಾತು ಒಳಗೇ ಉಳಿಯುತ್ತದೆ. ತಾಯಿ ಬಾಗಿಲು ಹಿಡಿದು ಕಾದಳು. ಡ್ರೈವರ್ ಇಂಜಿನ್ ಆರಿಸಿದ. ಮೈದುನ ಆಗಲೇ ಮೊಣಕಾಲು ಒಳಗೆಳೆದುಕೊಂಡು ಸರಿದಿದ್ದ. ಅಜ್ಜಿಯ ತಲೆಯ ಹತ್ತಿರ ಗೇಣಗಲ ಸೀಟು ಖಾಲಿಯಿತ್ತು.

ಹುಡುಗಿ ಅದನ್ನು ನೋಡಿದಳು. ಎಲ್ಲರಿಗೂ ಕೇಳುವಷ್ಟು ಜೋರಾಗಿ ಕೇಳಿದಳು:

“ಅಮ್ಮಾ, ನಾನು ಮುಂದಿನ ಗಾಡಿಯೋಳಾ, ಹಿಂದಿನ ಗಾಡಿಯೋಳಾ?”