ಬಾಯಿಗೆ ಅಕ್ಕಿ

"ಬಾಯಿಗೆ ಅಕ್ಕಿ ಹಾಕೋರೆಲ್ಲ ಬಂದ್ರಾ?"

ರೇವಮ್ಮ ಯಾರನ್ನೂ ನೋಡದೆ ಕೇಳಿದಳು. ಮೊರದ ಅಕ್ಕಿಯಲ್ಲಿ ಕಲ್ಲಿರಲಿಲ್ಲ. ಆದರೂ ಬೆರಳು ಹುಡುಕುತ್ತಲೇ ಇತ್ತು. ಗುಬ್ಬಿಯ ಆ ಕೇರಿಯೆಲ್ಲ ಅಂಗಳದಲ್ಲಿತ್ತು. ಹೆಣ ಎತ್ತುವ ಮುಂಚೆ ಬಂದವರೆಲ್ಲ ನಾಲ್ಕು ಕಾಳು ಹಾಕಿ ಕೈಮುಗಿಯಬೇಕು. ಚಟ್ಟದ ಮೇಲೆ ಗಂಡ ಚಿಕ್ಕರಂಗಯ್ಯ, ನಲವತ್ತು ವರ್ಷ ಸ್ಕೂಲಿನ ಎದುರು ಹೊಲಿಗೆ ಮಿಷನ್ ತುಳಿದವನು, ಕಾಲು ನೀಡಿ ಮಲಗಿದ್ದ.

"ಟೈಲರ್ ಆದ್ರೂ 'ನಾಳೆ ಕೊಡ್ತೀನಿ' ಅಂತ ಸುಳ್ಳು ಹೇಳ್ದೋನಲ್ಲ ಕಣ್ರಲಾ," ಅಂದ ಪಕ್ಕದ ಮನೆಯ ಕದರಯ್ಯ, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು. "ನನ್ ಮದ್ವೆಗೆ ಮೂರೇ ದಿನ ಇತ್ತು. 'ಆಗಲ್ಲ, ಹೋಗು' ಅಂದ್ಬುಟ್ಟ. ಭಾವಮೈದನ ಅಂಗಿ ಹಾಕ್ಕೊಂಡು ತಾಳಿ ಕಟ್ದೆ!"

"ಅದ್ಕೇ ಗುಂಡಿ ಕೂಡ್ದೆ ಶಲ್ಯ ಹೊದ್ದಿದ್ದೆ, ಬುಡು," ಅಂದಳು ಅವನ ಹೆಂಡತಿ ಹನುಮಂತಮ್ಮ. ನಾಲ್ಕು ಜನ ನಕ್ಕು, ಹೆಣದ ಕಡೆ ನೋಡಿ ಕೈಮುಗಿದರು.

ರೇವಮ್ಮನಿಗೆ ತಲೆ ಎತ್ತಲಾಗಲಿಲ್ಲ. ಗೇಟಿನ ಬಳಿ ಕೊಲ್ಲಾಪುರಮ್ಮನ ಮಗಳು ಶಾಂತಲಾ ಒಬ್ಬಳೇ ನಿಂತಿದ್ದಳು, ತಾಯಿ ಬಂದಿರಲಿಲ್ಲ. ಹತ್ತೊಂಬತ್ತರ ಹುಡುಗಿ. ಗಿಡ್ಡವಾದ ಬಲಗಾಲಿಗೆ ದಪ್ಪ ಅಟ್ಟೆಯ ಚಪ್ಪಲಿ.

ಮೊನ್ನೆ ಗಂಡ ಕೈ ಹಿಡಿದು ಹೇಳಿದ್ದ: "ಶಾಂತಲಾ ಒಂದು ಕಾಳು ಹಾಕ್ಬೇಕು ಕಣೇ. ಅವಳ್ನ ಕೇಳ್ತೀಯಾ?"

ಕೇಳ್ತೀನಿ ಅಂದಿದ್ದಳು.

*

ತೊಂಬತ್ತಾರನೇ ಇಸವಿ. ಶಾಂತಲಾಗೆ ಒಂಬತ್ತು. ಶನಿವಾರ ಸಂಜೆ ಆಂಜನೇಯನ ಗುಡಿಯಲ್ಲಿ ಚಿಕ್ಕರಂಗಯ್ಯ ಷಟ್ಪದಿ ಓದುವಾಗ ಮುಂದೆಯೇ ಕೂತು, ಅವನು ಬೇಕೆಂದೇ ನಿಲ್ಲಿಸಿದಲ್ಲಿ ಕೊನೆಯ ಪದ ಕೂಗುತ್ತಿದ್ದ ಹುಡುಗಿ. ಒಂದು ಬೆಳಗ್ಗೆ ರಸ್ತೆಯ ಅಂಚಿನಲ್ಲಿ ಸ್ಕೂಲಿಗೆ ನಡೆದು ಹೋಗುತ್ತಿದ್ದವಳಿಗೆ ಅಂಬಾಸಿಡರ್ ಕಾರು ಗುದ್ದಿತು. ಓಡಿಸುತ್ತಿದ್ದವನು ಕೊಬ್ಬರಿ ಮಂಡಿ ಯಜಮಾನರ ಡ್ರೈವರ್ ತಿಮ್ಮೇಶ್, ರೇವಮ್ಮನ ಒಡಹುಟ್ಟಿದ ತಮ್ಮ. ಮಿಷನ್ ಮುಂದೆ ಕೂತಿದ್ದ ಚಿಕ್ಕರಂಗಯ್ಯ ಎಲ್ಲವನ್ನೂ ಕಂಡಿದ್ದ.

ಕೊಲ್ಲಾಪುರಮ್ಮ ತುಮಕೂರಿನ ಕೋರ್ಟಿನಲ್ಲಿ ಕೇಸು ಹಾಕಿದಳು. ರೇವಮ್ಮ ಗಂಡನ ಕಾಲು ಹಿಡಿದಳು. "ನನ್ ತಮ್ಮನ್ನ ಉಳ್ಸಿಕೊಡಿ. ಒಂದು ಮಾತು ಅಷ್ಟೇ."

ಕಟಕಟೆಯಲ್ಲಿ ಅವನು ಆ ಒಂದು ಮಾತು ಹೇಳಿದ: "ಕಾರು ನಿಧಾನಕ್ಕೇ ಬರ್ತಿತ್ತು ಸ್ವಾಮಿ. ಮಗುನೇ ಅಡ್ಡ ಓಡಿ ಬಂತು."

ಗುಡಿಯಲ್ಲಿ ಓದುವ ಬಾಯಿ. ಗುಬ್ಬಿಗೆ ಗುಬ್ಬಿಯೇ ನಂಬಿತು. ತಾಯಿಯ ತೊಡೆಯ ಮೇಲಿದ್ದ ಶಾಂತಲಾ ಕತ್ತೆತ್ತಿದಳು. "ಅಮ್ಮಾ, ನಾನು ಓಡಿದ್ನಾ? ತಾತ ಹೇಳ್ತಾವ್ರಲ್ಲ" ಅಂದದ್ದು ಹಿಂದಿನ ಬೆಂಚಿನಲ್ಲಿದ್ದ ರೇವಮ್ಮನಿಗೂ ಕೇಳಿತು.

ಕೇಸು ಬಿದ್ದುಹೋಯಿತು. ಮುಂದಿನ ಶನಿವಾರ ಚಿಕ್ಕರಂಗಯ್ಯ ಗುಡಿಗೆ ಹೋಗಲಿಲ್ಲ. ಗಂಟಲು ಕಟ್ಟಿದೆ ಅಂದ. ಹತ್ತು ವರ್ಷವೂ ಕಟ್ಟಿಯೇ ಇತ್ತು.

*

"ಹೊತ್ತಾಯ್ತು, ಎತ್ತೋಣ," ಅಂದ ತಿಮ್ಮೇಶ್. ಅಕ್ಕನ ಕಣ್ಣು ಗೇಟಿನ ಕಡೆ ಹೋದದ್ದು ಕಂಡು ಹತ್ತಿರ ಬಂದು ಪಿಸುಗುಟ್ಟಿದ: "ಬ್ಯಾಡ ಕಣಕ್ಕ. ಈಗ್ಯಾಕೆ ಅದೆಲ್ಲ?"

ರೇವಮ್ಮ ಮೊರ ಹಿಡಿದು ಎದ್ದಳು. ಜನ ದಾರಿ ಬಿಟ್ಟರು. ಹೋಗಿ ಹುಡುಗಿಯ ಮುಂದೆ ನಿಂತಳು.

"ನೀನು ಓಡ್ಲಿಲ್ಲ ಕಣವ್ವ," ಅಂದಳು, ಅಂಗಳಕ್ಕೆಲ್ಲ ಕೇಳುವಂತೆ. "ಅಂಚಲ್ಲೇ ನಡ್ಕೊಂಡು ಹೋಗ್ತಿದ್ದೆ. ಜೋರಾಗಿ ಬಂದು ಗುದ್ದಿದ್ದು ನನ್ ತಮ್ಮ. ನನ್ ಗಂಡನ ಕೈಲಿ ಸುಳ್ಳು ಹೇಳ್ಸಿದ್ದು ನಾನು."

ತಿಮ್ಮೇಶ್ ನೆಲ ನೋಡಿದ. ಕದರಯ್ಯನ ಕಿವಿಯ ಬೀಡಿ ಕೆಳಗೆ ಬಿತ್ತು, ಅವನು ಎತ್ತಿಕೊಳ್ಳಲಿಲ್ಲ.

ಶಾಂತಲಾ ತನ್ನ ಬಲಗಾಲನ್ನೇ ನೋಡುತ್ತ ನಿಂತಳು. ಹತ್ತು ವರ್ಷ ತಾನೇ ಬೈದುಕೊಂಡು ಬಂದ ಕಾಲು.

"ಓಡ್ಲಿಲ್ವಾ?"

"ಇಲ್ಲ ಕಣವ್ವ." ರೇವಮ್ಮ ಮೊರ ಚಾಚಿದಳು. "ಒಂದು ಕಾಳು ಹಾಕು, ತಾಯಿ. ಸಾಯೋವಾಗ ಅದನ್ನೇ ಕೇಳಿದ್ರು."

ಹುಡುಗಿ ಹಿಡಿ ಅಕ್ಕಿ ತೆಗೆದುಕೊಂಡು ಚಟ್ಟದವರೆಗೆ ಕುಂಟುತ್ತ ಬಂದಳು. ಗಲ್ಲಕ್ಕೆ ಕಟ್ಟಿದ್ದ ಬಟ್ಟೆ ಸಡಿಲಿಸಿದ್ದರು. ಬಾಯಿ ಅರ್ಧ ತೆರೆದಿತ್ತು, ಯಾವುದೋ ಸಾಲನ್ನು ನಡುವೆ ನಿಲ್ಲಿಸಿದ ಹಾಗೆ. ಅವಳು ಅದನ್ನು ನೋಡಿದಳು. ತಿರುಗಿ, ಒಂದು ಕಾಳೂ ಚೆಲ್ಲದಂತೆ ಅಕ್ಕಿಯನ್ನು ಹಿಂದೆಯೇ ಬಂದಿದ್ದ ರೇವಮ್ಮನ ಮೊರಕ್ಕೇ ಸುರಿದಳು.

"ಈ ಬಾಯಿಗೆ ನಾನು ಹಾಕಲ್ಲ."